ಕ್ಯಾನ್ಸರ್ ಚಿಕಿತ್ಸೆಯಲ್ಲಿ ನ್ಯಾನೋಕಣಗಳು

ಕ್ಯಾನ್ಸರ್ ಔಷಧಿಯನ್ನು ಕೊಬ್ಬು, ಪ್ರೋಟೀನು, ಪಾಲಿಮರ್ ಅಥವಾ ಲೋಹದ ಅತಿಸೂಕ್ಷ್ಮ ಕಣಗಳೊಳಗೆ ಇರಿಸಿ ದೇಹಕ್ಕೆ ಕೊಡುವುದು ಮತ್ತು ಅಂಥದೇ ಕಣಗಳ ನೆರವಿನಿಂದ ರೋಗನಿರೋಧಕ ವ್ಯವಸ್ಥೆಯನ್ನು ಗೆಡ್ಡೆಯ ವಿರುದ್ಧ ಎಬ್ಬಿಸುವುದು (ಇಮ್ಯುನೋಥೆರಪಿ) ನ್ಯಾನೋವೈದ್ಯದ ಎರಡು ಮುಖ್ಯ ಶಾಖೆಗಳು. ಇಲ್ಲಿ ಬಳಸುವ ಕಣಗಳ ಗಾತ್ರ ಸಾಮಾನ್ಯವಾಗಿ 10ರಿಂದ 200 ನ್ಯಾನೋಮೀಟರ್. ತಲೆಗೂದಲಿನ ಒಂದು ಎಳೆ ಸುಮಾರು 80,000 ನ್ಯಾನೋಮೀಟರ್ ದಪ್ಪ. ಮೊದಲ ನ್ಯಾನೋ ಕ್ಯಾನ್ಸರ್ ಔಷಧಿಗೆ ಅಮೆರಿಕದಲ್ಲಿ 1995ರಲ್ಲಿ ಅನುಮತಿ ದೊರೆಯಿತು. ಭಾರತದಲ್ಲೂ ಇಂಥ ಔಷಧಿಗಳು ಹಲವು ವರ್ಷಗಳಿಂದ ಬಳಕೆಯಲ್ಲಿವೆ. ಈ ಲೇಖನವು ಕ್ಷೇತ್ರದ ಬೆಳವಣಿಗೆ, ಕರ್ನಾಟಕದ ಸಂಶೋಧನೆ ಹಾಗೂ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ರೋಗಿಗಳಿಗೆ ಇದರಿಂದ ಆಗಬಹುದಾದ ಪ್ರಯೋಜನವನ್ನು ಕುರಿತದ್ದು.

ಅಗತ್ಯ ಹುಟ್ಟಿದ ಬಗೆ

ಕಿಮೊಥೆರಪಿಯ ಔಷಧಿಗಳು ಬೇಗ ಬೇಗ ವಿಭಜನೆಯಾಗುವ ಜೀವಕೋಶಗಳನ್ನು ಕೊಲ್ಲುತ್ತವೆ. ಕ್ಯಾನ್ಸರ್ ಕೋಶಗಳು ಹಾಗೆ ವಿಭಜನೆಯಾಗುತ್ತವೆ. ಮೂಳೆಯ ಮಜ್ಜೆ, ಕರುಳಿನ ಒಳಪದರ, ಕೂದಲ ಬುಡದ ಕೋಶಗಳೂ ಹಾಗೆಯೇ ಆಗುತ್ತವೆ. ರಕ್ತಕಣ ಇಳಿಯುವುದು, ವಾಂತಿ, ಕೂದಲು ಉದುರುವುದು ಈ ಕಾರಣದಿಂದಲೇ. ಇದಲ್ಲದೆ ಒಂದೊಂದು ಔಷಧಿಗೂ ತನ್ನದೇ ಅಪಾಯವಿದೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಹೆಚ್ಚು ಬಳಸುವ ಸಿಸ್‌ಪ್ಲಾಟಿನ್ ಮೂತ್ರಪಿಂಡ ಮತ್ತು ಕಿವಿಗೆ ಪೆಟ್ಟು ಕೊಡುತ್ತದೆ. ಡಾಕ್ಸೊರುಬಿಸಿನ್ ಹೃದಯದ ಸ್ನಾಯುವನ್ನು ದುರ್ಬಲಗೊಳಿಸುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗುವುದೇ ಇಲ್ಲ; ಅದನ್ನು ಹರಳೆಣ್ಣೆಯಿಂದ ತಯಾರಿಸಿದ ಕ್ರೆಮೊಫೋರ್ ಎಂಬ ದ್ರಾವಕದಲ್ಲಿ ಬೆರೆಸಿ ಕೊಡಬೇಕಾಗುತ್ತದೆ, ಆ ದ್ರಾವಕವೇ ಕೆಲವರಲ್ಲಿ ತೀವ್ರ ಅಲರ್ಜಿ ಹುಟ್ಟಿಸುತ್ತದೆ.

ಹೀಗಾಗಿ ಎಷ್ಟೋ ಸಲ ಔಷಧಿ ಕೆಲಸ ಮಾಡುತ್ತಿದ್ದರೂ ರೋಗಿಯ ದೇಹ ತಡೆಯದೆ ಚಿಕಿತ್ಸೆಯನ್ನು ನಿಲ್ಲಿಸಬೇಕಾಗುತ್ತದೆ. ವಯಸ್ಸಾದವರಿಗೆ, ಪೌಷ್ಟಿಕ ಆಹಾರವಿಲ್ಲದೆ ಸೊರಗಿದವರಿಗೆ ಈ ಸಂಕಟ ಹೆಚ್ಚು. ಬಾಯಿಯ ಹುಣ್ಣಿನಿಂದ ತಿಂಗಳುಗಟ್ಟಲೆ ಗಂಜಿ ಕುಡಿದೇ ಬದುಕಿ ಕೊನೆಗೆ ಆಸ್ಪತ್ರೆಗೆ ಬರುವ ರೈತ, ಕೂಲಿಕಾರರ ಮಟ್ಟಿಗೆ ಔಷಧಿಯ ಕಾಠಿಣ್ಯವನ್ನು ತಗ್ಗಿಸುವುದು ಸಣ್ಣ ಸುಧಾರಣೆಯೇನಲ್ಲ.

ಇತಿಹಾಸ

1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗ್‌ಹ್ಯಾಮ್, ಫಾಸ್ಫೊಲಿಪಿಡ್‌ಗಳನ್ನು ನೀರಿಗೆ ಬೆರೆಸಿದಾಗ ಅವು ತಾವಾಗಿ ಪೊಳ್ಳು ಗೋಳಗಳಾಗುವುದನ್ನು ಕಂಡರು. ಇವೇ ಲೈಪೊಸೋಮ್‌ಗಳು. ಜೀವಕೋಶದ ಪೊರೆಯೂ ಇದೇ ಬಗೆಯ ಕೊಬ್ಬಿನದಾದ್ದರಿಂದ ದೇಹಕ್ಕೆ ಇವು ಅಷ್ಟು ಅಪರಿಚಿತವಲ್ಲ. 1986ರಲ್ಲಿ ಜಪಾನಿನ ಯಾಸುಹಿರೊ ಮಾತ್ಸುಮುರಾ ಮತ್ತು ಹಿರೋಶಿ ಮಯೇದಾ, ಗೆಡ್ಡೆಯ ರಕ್ತನಾಳಗಳ ಗೋಡೆ ಸೋರುತ್ತದೆ, ಅಲ್ಲಿಂದ ದ್ರವ ಹೊರಹೋಗುವ ದುಗ್ಧನಾಳಗಳೂ ಸರಿಯಾಗಿರುವುದಿಲ್ಲ, ಆದ್ದರಿಂದ ದೊಡ್ಡ ಅಣುಗಳು ಅಲ್ಲಿ ನುಸುಳಿ ಉಳಿದುಕೊಳ್ಳುತ್ತವೆ ಎಂದು ತೋರಿಸಿದರು. ಮುಂದಿನ ಎರಡು ದಶಕಗಳ ಸಂಶೋಧನೆ ಬಹುಮಟ್ಟಿಗೆ ಈ ತತ್ತ್ವದ ಮೇಲೆಯೇ ನಿಂತಿತು.

ಇಸ್ರೇಲಿನ ಯೆಹೆಜ್ಕೆಲ್ ಬಾರೆನ್‌ಹೋಲ್ಜ್ ಮತ್ತು ಆಲ್ಬರ್ಟೊ ಗಬಿಜಾನ್ ಅವರ ದುಡಿಮೆಯಿಂದ ಬಂದ ಡಾಕ್ಸಿಲ್, ಡಾಕ್ಸೊರುಬಿಸಿನ್ನನ್ನು ಲೈಪೊಸೋಮಿನೊಳಗೆ ಸೇರಿಸಿದ ಔಷಧಿ. 1995ರಲ್ಲಿ ಅನುಮತಿ ಪಡೆದದ್ದು ಇದೇ. ಹೃದಯದ ಮೇಲಿನ ಹಾನಿ ಇದರಿಂದ ಸ್ಪಷ್ಟವಾಗಿ ತಗ್ಗಿತು. ಬದಲಿಗೆ ಅಂಗೈ, ಅಂಗಾಲಿನ ಚರ್ಮ ಕೆಂಪಾಗಿ ಸುಲಿಯುವ ಹೊಸ ತೊಂದರೆ ಕೆಲವರಲ್ಲಿ ಕಂಡಿತು. 2005ರಲ್ಲಿ ಬಂದ ಅಬ್ರಾಕ್ಸೇನ್, ಪ್ಯಾಕ್ಲಿಟ್ಯಾಕ್ಸೆಲ್ಲನ್ನು ರಕ್ತದಲ್ಲೇ ಇರುವ ಅಲ್ಬುಮಿನ್ ಪ್ರೋಟೀನಿಗೆ ಅಂಟಿಸಿದ ಸುಮಾರು 130 ನ್ಯಾನೋಮೀಟರ್ ಕಣ. ಕ್ರೆಮೊಫೋರ್ ಇಲ್ಲದ್ದರಿಂದ ಮೂರು ಗಂಟೆ ಹಿಡಿಯುತ್ತಿದ್ದ ಡ್ರಿಪ್ಪು ಅರ್ಧ ಗಂಟೆಗೆ ಇಳಿಯಿತು. ಹರಡಿದ ಸ್ತನ ಕ್ಯಾನ್ಸರಿನ ಮುಖ್ಯ ಪ್ರಯೋಗದಲ್ಲಿ ಹಳೆಯ ರೂಪದ ಔಷಧಿಗೆ ಶೇ 19ರಷ್ಟು ಮಂದಿಯ ಗೆಡ್ಡೆ ಕುಗ್ಗಿದರೆ ಇದಕ್ಕೆ ಶೇ 33ರಷ್ಟು ಮಂದಿಯದು ಕುಗ್ಗಿತು. ಕೈಕಾಲು ಜೋಮು ಹಿಡಿಯುವುದು ಮಾತ್ರ ಹೆಚ್ಚಾಯಿತು. ಆಮೇಲೆ ಮೇದೋಜ್ಜೀರಕದ ಕ್ಯಾನ್ಸರಿಗೆ ಆನಿವೈಡ್ (2015), ಒಂದು ಬಗೆಯ ತೀವ್ರ ರಕ್ತ ಕ್ಯಾನ್ಸರಿಗೆ ಎರಡು ಔಷಧಿಗಳನ್ನು ಒಂದೇ ಕಣದಲ್ಲಿ ಹೊತ್ತ ವಿಕ್ಸಿಯೋಸ್ (2017) ಬಂದವು.

ಭಾರತದ ಕಂಪನಿಗಳೂ ಈ ದಾರಿಯಲ್ಲಿ ಬೇಗ ಹೆಜ್ಜೆಯಿಟ್ಟವು. 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್‌ಗೆ ಕೊರತೆ ಬಂದಾಗ ಅಲ್ಲಿನ ಔಷಧ ನಿಯಂತ್ರಕರು ಸನ್ ಫಾರ್ಮಾ ತಯಾರಿಸುವ ಲಿಪೊಡಾಕ್ಸನ್ನು ತರಿಸಿಕೊಳ್ಳಲು ಒಪ್ಪಿದರು. ಬೆಂಗಳೂರಿನ ಬಯೋಕಾನ್ 2008ರಲ್ಲಿ ಅಬ್ರಾಕ್ಸೇನನ್ನು ಭಾರತದ ಮಾರುಕಟ್ಟೆಗೆ ತಂದಿತು.

ಕಣಗಳ ಬಗೆಗಳು

ಲೈಪೊಸೋಮ್: ಕೊಬ್ಬಿನ ಎರಡು ಪದರದ ಗೋಳ. ನೀರಿನಲ್ಲಿ ಕರಗುವ ಔಷಧಿ ಒಳಗೆ, ಕೊಬ್ಬಿನಲ್ಲಿ ಕರಗುವುದು ಪದರದಲ್ಲಿ ಕೂರುತ್ತದೆ.

ಲಿಪಿಡ್ ನ್ಯಾನೋಕಣ: ಆರ್‌ಎನ್‌ಎಯಂಥ ನಾಜೂಕಾದ ಅಣುಗಳನ್ನು ಸಾಗಿಸುತ್ತದೆ. ಕೋವಿಡ್ ಎಂಆರ್‌ಎನ್‌ಎ ಲಸಿಕೆಗಳ ವಾಹಕ ಇದೇ.

ಪಾಲಿಮರ್ ಕಣ ಮತ್ತು ಮೈಸೆಲ್: ದೇಹದಲ್ಲಿ ನಿಧಾನವಾಗಿ ಕರಗುವ ಪಾಲಿಮರ್‌ಗಳಿಂದ ಆದವು, ಔಷಧಿಯನ್ನು ದಿನಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಡಬಲ್ಲವು.

ಪ್ರೋಟೀನ್ ಕಣ: ಅಲ್ಬುಮಿನ್ ಇದಕ್ಕೆ ಮಾದರಿ.

ಲೋಹ ಮತ್ತು ಆಕ್ಸೈಡ್ ಕಣ: ಚಿನ್ನದ ಕಣ ಬೆಳಕನ್ನು ಹೀರಿ ಬಿಸಿಯಾಗಿ ಸುತ್ತಲ ಕೋಶಗಳನ್ನು ಸುಡುತ್ತದೆ. ಹಾಫ್ನಿಯಂ ಆಕ್ಸೈಡ್ ಕಣ ವಿಕಿರಣ ಚಿಕಿತ್ಸೆಯ ಶಕ್ತಿಯನ್ನು ಗೆಡ್ಡೆಯೊಳಗೆ ಹೆಚ್ಚಿಸುತ್ತದೆ. ಕಬ್ಬಿಣದ ಆಕ್ಸೈಡನ್ನು ಬದಲಾಗುತ್ತಿರುವ ಕಾಂತಕ್ಷೇತ್ರದಿಂದ ಬಿಸಿಮಾಡಬಹುದು.

ತಲುಪುವುದರ ತೊಡಕು

ಕಣವು ಗೆಡ್ಡೆಯನ್ನೇ ಹುಡುಕಿಕೊಂಡು ಹೋಗಿ ನಾಟುತ್ತದೆ ಎಂಬ ವರ್ಣನೆ ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ವಾಸ್ತವ ಅಷ್ಟು ಸರಳವಿಲ್ಲ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ತಂಡ ಹತ್ತು ವರ್ಷಗಳಲ್ಲಿ ಪ್ರಕಟವಾದ ಪ್ರಾಣಿ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಹಾಕಿದಾಗ, ರಕ್ತಕ್ಕೆ ಬಿಟ್ಟ ಕಣಗಳಲ್ಲಿ ಗೆಡ್ಡೆಯನ್ನು ಸೇರುವುದು ಮಧ್ಯಮ ಪ್ರಮಾಣದಲ್ಲಿ ಶೇ 0.7 ಮಾತ್ರ ಎಂದು ತಿಳಿಯಿತು. ಅದೇ ತಂಡ 2020ರಲ್ಲಿ, ಕಣಗಳು ರಕ್ತನಾಳದ ಸಂದುಗಳಿಂದ ಸೋರಿ ಒಳಹೋಗುವುದಕ್ಕಿಂತ ನಾಳದ ಗೋಡೆಯ ಕೋಶಗಳೇ ಅವನ್ನು ಒಳಗೆಳೆದು ದಾಟಿಸುವುದು ಹೆಚ್ಚು ಎಂದು ಇಲಿಗಳಲ್ಲಿ ತೋರಿಸಿತು. ಮೂವತ್ತು ವರ್ಷ ನಂಬಿಕೊಂಡು ಬಂದ ಸೋರಿಕೆಯ ತತ್ತ್ವವನ್ನು ಇದು ಮರುಪರಿಶೀಲನೆಗೆ ಒಡ್ಡಿತು.

ಉಳಿದ ಕಣಗಳು ಎಲ್ಲಿ ಹೋಗುತ್ತವೆ? ಬಹುಪಾಲು ಯಕೃತ್ತು ಮತ್ತು ಗುಲ್ಮದಲ್ಲಿ ಸಿಕ್ಕಿಬೀಳುತ್ತವೆ. ಹೊರಗಿನಿಂದ ಬಂದ ಕಣವನ್ನು ನುಂಗಿ ತೆಗೆಯುವುದೇ ಅಲ್ಲಿನ ಮ್ಯಾಕ್ರೊಫೇಜ್ ಕೋಶಗಳ ಕೆಲಸ. ಇದನ್ನು ತಡೆಯಲು ಕಣದ ಮೇಲೆ ಪಾಲಿಎಥಿಲೀನ್ ಗ್ಲೈಕಾಲ್‌ನ ಹೊದಿಕೆ ಹಾಕುತ್ತಾರೆ. ಅದು ಕಣವನ್ನು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಸುತ್ತದೆ, ಪೂರ್ತಿ ರಕ್ಷಿಸುವುದಿಲ್ಲ. ಗುರಿ ಹುಡುಕುವ ಅಣುಗಳನ್ನು ಅಂಟಿಸಿಕೊಂಡ ಬೈಂಡ್-014ರಂಥ ಕಣಗಳು ಇಲಿಗಳಲ್ಲಿ ಭರವಸೆ ಹುಟ್ಟಿಸಿ ಮನುಷ್ಯರಲ್ಲಿ ನಿರೀಕ್ಷಿತ ಫಲ ಕೊಡಲಿಲ್ಲ. ಅದನ್ನು ರೂಪಿಸಿದ ಕಂಪನಿ 2016ರಲ್ಲಿ ದಿವಾಳಿಯಾಯಿತು.

ಆದ್ದರಿಂದ ಇಂದಿನವರೆಗಿನ ನ್ಯಾನೋ ಔಷಧಿಗಳ ಖಚಿತ ಸಾಧನೆ ಯಾವುದೆಂದರೆ ರೋಗಿಗೆ ಆಗುವ ಹಾನಿಯನ್ನು ತಗ್ಗಿಸಿದ್ದು. ಆಯಸ್ಸನ್ನು ಹೆಚ್ಚಿಸಿದ ಉದಾಹರಣೆಗಳು ಇವೆ, ಎಲ್ಲ ಔಷಧಿಗಳ ವಿಷಯದಲ್ಲೂ ಇಲ್ಲ.

ಇಮ್ಯುನೋಥೆರಪಿಗೆ ಆಸರೆ

ದೇಹದ ಟಿ ಕೋಶಗಳಿಗೆ ಕ್ಯಾನ್ಸರನ್ನು ಗುರುತಿಸಿ ಕೊಲ್ಲುವ ಶಕ್ತಿಯಿದೆ. ಗೆಡ್ಡೆಯು ಪಿಡಿ-1ನಂಥ ತಡೆಗುಂಡಿಗಳನ್ನು ಒತ್ತಿ ಅವನ್ನು ಸುಮ್ಮನಾಗಿಸುತ್ತದೆ. ಈ ತಡೆಯನ್ನು ತೆಗೆಯುವ ದಾರಿ ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ 2018ರ ನೊಬೆಲ್ ಪ್ರಶಸ್ತಿ ಪಡೆದರು. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಈ ವರ್ಗದ ಔಷಧಿಗಳು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೂ ಇವನ್ನು ಕೊಡುತ್ತಾರೆ. ಆದರೆ ಬಹಳಷ್ಟು ರೋಗಿಗಳಲ್ಲಿ ಗೆಡ್ಡೆಯೊಳಗೆ ಟಿ ಕೋಶಗಳೇ ಇರುವುದಿಲ್ಲ, ಅಂಥಲ್ಲಿ ತಡೆ ತೆಗೆದೂ ಫಲವಿಲ್ಲ. ನ್ಯಾನೋಕಣಗಳ ಪಾತ್ರ ಇಲ್ಲಿ ಶುರುವಾಗುತ್ತದೆ.

ಔಷಧಿ ಸಾಗಿಸುವಾಗ ಯಾವ ನುಂಗುಕೋಶಗಳು ಅಡ್ಡಿಯಾಗಿದ್ದವೋ ಇಮ್ಯುನೋಥೆರಪಿಯಲ್ಲಿ ಅವೇ ಗುರಿ. ಮ್ಯಾಕ್ರೊಫೇಜ್ ಮತ್ತು ಡೆಂಡ್ರಿಟಿಕ್ ಕೋಶಗಳು ಕಣಗಳನ್ನು ನುಂಗಿ, ಒಳಗಿದ್ದುದನ್ನು ತುಂಡರಿಸಿ, ಆ ತುಂಡುಗಳನ್ನು ಟಿ ಕೋಶಗಳ ಮುಂದೆ ಹಿಡಿಯುತ್ತವೆ. ಲಸಿಕೆ ಕೆಲಸ ಮಾಡುವುದೇ ಹೀಗೆ. ಕಣದೊಳಗೆ ಕ್ಯಾನ್ಸರಿನ ಗುರುತನ್ನು ಇಟ್ಟರೆ ದೇಹದ ಹಳೆಯ ಅಭ್ಯಾಸವೇ ಚಿಕಿತ್ಸೆಗೆ ಒದಗುತ್ತದೆ. ಶೇ 0.7ರ ನಿರಾಶೆಯನ್ನು ದಾಟಿ ಈ ಕ್ಷೇತ್ರ ಮುಂದೆ ಹೋಗುತ್ತಿರುವುದು ಮುಖ್ಯವಾಗಿ ಈ ಕಾರಣಕ್ಕೆ.

ಇಮ್ಯುನೋಥೆರಪಿಯಲ್ಲಿ ಕಣಗಳ ಬಳಕೆ ಮೂರು ಬಗೆಯದು. ಮೊದಲನೆಯದು ಕ್ಯಾನ್ಸರ್ ಲಸಿಕೆ. ಮಾಡರ್ನಾ ಮತ್ತು ಮರ್ಕ್ ಕಂಪನಿಗಳ ಎಂಆರ್‌ಎನ್‌ಎ-4157, ಒಬ್ಬೊಬ್ಬ ರೋಗಿಯ ಗೆಡ್ಡೆಯ ಗರಿಷ್ಠ 34 ಗುರುತುಗಳನ್ನು ಲಿಪಿಡ್ ಕಣದಲ್ಲಿ ಹೊತ್ತೊಯ್ಯುತ್ತದೆ. ಶಸ್ತ್ರಚಿಕಿತ್ಸೆಯಾದ 157 ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ರೋಗಿಗಳ ಪ್ರಯೋಗದಲ್ಲಿ, ಪೆಂಬ್ರೊಲಿಜುಮ್ಯಾಬ್ ಒಂದನ್ನೇ ಪಡೆದವರಿಗಿಂತ ಲಸಿಕೆಯನ್ನೂ ಪಡೆದವರಲ್ಲಿ ರೋಗ ಮರುಕಳಿಸುವ ಅಥವಾ ಸಾವಿನ ಅಪಾಯ ಶೇ 44ರಷ್ಟು ತಗ್ಗಿತು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದ ವಿನೋದ್ ಬಾಲಚಂದ್ರನ್ ತಂಡ 2023ರಲ್ಲಿ, ಮೇದೋಜ್ಜೀರಕ ಕ್ಯಾನ್ಸರಿನ 16 ರೋಗಿಗಳ ಪೈಕಿ 8 ಮಂದಿಯಲ್ಲಿ ಇಂಥ ಲಸಿಕೆ ಟಿ ಕೋಶಗಳನ್ನು ಎಬ್ಬಿಸಿತೆಂದು ವರದಿ ಮಾಡಿತು.

ಎರಡನೆಯದು, ಗೆಡ್ಡೆಯನ್ನು ದೇಹದ ಕಣ್ಣಿಗೆ ಬೀಳುವಂತೆ ಸಾಯಿಸುವುದು. ಡಾಕ್ಸೊರುಬಿಸಿನ್‌ನಂಥ ಕೆಲವು ಔಷಧಿಗಳು, ವಿಕಿರಣ ಮತ್ತು ತೀವ್ರ ಶಾಖ ಕ್ಯಾನ್ಸರ್ ಕೋಶವನ್ನು ಕೊಲ್ಲುವಾಗ ಅದರಿಂದ ಅಪಾಯದ ಸಂಕೇತಗಳು ಹೊರಬಂದು ನಿರೋಧಕ ಕೋಶಗಳನ್ನು ಕರೆಯುತ್ತವೆ. ಕಣಗಳ ಮೂಲಕ ಈ ಕೆಲಸ ಮಾಡಿ ಜೊತೆಗೆ ತಡೆ ತೆಗೆಯುವ ಔಷಧಿ ಕೊಡುವ ಪ್ರಯೋಗಗಳು ನಡೆದಿವೆ. ಸ್ತನ ಕ್ಯಾನ್ಸರಿನ ಒಂದು ಬಗೆಗೆ ಅಬ್ರಾಕ್ಸೇನ್ ಜೊತೆ ತಡೆ ತೆಗೆಯುವ ಅಟೆಜೊಲಿಜುಮ್ಯಾಬ್ ಕೊಡಲು 2019ರಲ್ಲಿ ಅಮೆರಿಕದಲ್ಲಿ ಸಿಕ್ಕ ಅನುಮತಿಯನ್ನು ಮುಂದಿನ ಫಲಿತಾಂಶಗಳ ನಂತರ 2021ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಜೋಡಿ ಚಿಕಿತ್ಸೆಯ ತರ್ಕ ಸರಿಯೆನಿಸಿದರೂ ಪ್ರತಿ ಜೋಡಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಲೇಬೇಕು.

ಮೂರನೆಯದು, ದೇಹದೊಳಗೇ ಟಿ ಕೋಶಗಳನ್ನು ಮಾರ್ಪಡಿಸುವುದು. ಈಗ ಬಳಕೆಯಲ್ಲಿರುವ ಕಾರ್-ಟಿ ಚಿಕಿತ್ಸೆಯಲ್ಲಿ ರೋಗಿಯ ಟಿ ಕೋಶಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ತಿದ್ದಿ, ಮರಳಿ ಕೊಡುತ್ತಾರೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಕೇಂದ್ರದಲ್ಲಿ ರೂಪುಗೊಂಡ ಇಂಥ ಚಿಕಿತ್ಸೆ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ಬಂತು. ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರಲ್ಲಿ ಕಾರ್ಟೆಮಿಯನ್ನು ಹೊರತಂದಿತು. ಇವೆರಡೂ ಕೆಲವು ಬಗೆಯ ರಕ್ತ ಕ್ಯಾನ್ಸರಿಗೆ ಮಾತ್ರ, ಬಾಯಿ ಅಥವಾ ಸ್ತನದ ಗೆಡ್ಡೆಗಲ್ಲ. ಟಿ ಕೋಶವನ್ನು ಹೊರತೆಗೆಯದೆ ಲಿಪಿಡ್ ಕಣದ ಮೂಲಕ ದೇಹದಲ್ಲೇ ತಿದ್ದುವ ವಿಧಾನ ಇನ್ನೂ ಪ್ರಯೋಗದ ಹಂತದಲ್ಲಿದೆ.

ಕರ್ನಾಟಕದ ಸಂಶೋಧನೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈ ಕ್ಷೇತ್ರದ ಮುಖ್ಯ ನೆಲೆ. ಅಲ್ಲಿನ ಅಂಬರೀಶ್ ಘೋಷ್, ದೀಪಕ್ ಸೈನಿ ಮತ್ತು ರಾಮ್‌ರಾಯ್ ಭಟ್ ತಂಡ ಅಯಸ್ಕಾಂತದಿಂದ ನಡೆಸಬಹುದಾದ ಸುರುಳಿಯಾಕಾರದ ನ್ಯಾನೋಮೋಟಾರುಗಳನ್ನು ಗೆಡ್ಡೆಯ ಮಾದರಿಯೊಳಗೆ ಓಡಾಡಿಸಿತು. ಕ್ಯಾನ್ಸರ್ ಕೋಶಗಳ ಸುತ್ತಲಿನ ಜಾಗ ಹೆಚ್ಚು ಅಂಟಾಗಿದ್ದು ಮೋಟಾರುಗಳು ಅಲ್ಲಿ ಕಚ್ಚಿಕೊಳ್ಳುತ್ತವೆ ಎಂದು 2020ರಲ್ಲಿ ಪ್ರಕಟಿಸಿತು. ಅಶೋಕ್ ರಾಯ್ಚೂರ್ ಮತ್ತು ಜಯ ಪ್ರಕಾಶ್ ಅವರ ತಂಡಗಳು 2023ರಲ್ಲಿ ಚಿನ್ನ ಮತ್ತು ತಾಮ್ರದ ಸಲ್ಫೈಡಿನ ಮಿಶ್ರ ಕಣಗಳನ್ನು ರೂಪಿಸಿದವು. ಬೆಳಕು ಬಿದ್ದಾಗ ಇವು ಬಿಸಿಯಾಗಿ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತವೆ, ಜೊತೆಗೆ ಶಬ್ದದ ಅಲೆ ಹೊಮ್ಮಿಸಿ ಗೆಡ್ಡೆ ಎಲ್ಲಿದೆಯೆಂದು ತೋರಿಸಬಲ್ಲವು. ಸಾವಯವ ರಸಾಯನಶಾಸ್ತ್ರ ವಿಭಾಗದ ಎನ್. ಜಯರಾಮನ್ ತಂಡ 2024ರಲ್ಲಿ ವರದಿ ಮಾಡಿದ ಕೃತಕ ಪ್ರತಿಜನಕವು ರಕ್ತದ ಅಲ್ಬುಮಿನ್ನಿಗೆ ಅಂಟಿಕೊಂಡು ದುಗ್ಧಗ್ರಂಥಿಗಳಿಗೆ ಹೋಗಿ ಅಲ್ಲಿ ಕ್ಯಾನ್ಸರ್ ವಿರೋಧಿ ಪ್ರತಿಕಾಯಗಳ ಉತ್ಪತ್ತಿಯನ್ನು ಹೆಚ್ಚಿಸುತ್ತದೆ. ಸಿದ್ಧಾರ್ಥ್ ಝುಂಝುನ್‌ವಾಲಾ ಅವರ ಪ್ರಯೋಗಾಲಯ ಕಣಗಳಿಗೂ ನಿರೋಧಕ ಕೋಶಗಳಿಗೂ ಇರುವ ಸಂಬಂಧವನ್ನೇ ಅಧ್ಯಯನ ಮಾಡುತ್ತದೆ. ಇವೆಲ್ಲ ಪ್ರಯೋಗಾಲಯದ ಕೆಲಸಗಳು. ಆಸ್ಪತ್ರೆಯಲ್ಲಿ ಇನ್ನೂ ದೊರೆಯುವುದಿಲ್ಲ.

ಧಾರವಾಡ ಮೂಲದ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿದ ಕಟ್ಟೇಶ್ ಕಟ್ಟಿ ಅಮೆರಿಕದ ಮಿಸೂರಿ ವಿಶ್ವವಿದ್ಯಾಲಯದಲ್ಲಿ ಸಸ್ಯಮೂಲದ ವಸ್ತುಗಳಿಂದ ಚಿನ್ನದ ನ್ಯಾನೋಕಣ ತಯಾರಿಸುವ ವಿಧಾನಗಳಿಗೆ ಹೆಸರಾದವರು. ಚಹಾದಲ್ಲಿರುವ ಇಜಿಸಿಜಿ ಎಂಬ ವಸ್ತುವಿನ ಹೊದಿಕೆಯ ವಿಕಿರಣಶೀಲ ಚಿನ್ನದ ಕಣಗಳನ್ನು ಇಲಿಗಳ ಪ್ರಾಸ್ಟೇಟ್ ಗೆಡ್ಡೆಗೆ ನೇರವಾಗಿ ಚುಚ್ಚಿದಾಗ 28 ದಿನಗಳಲ್ಲಿ ಗೆಡ್ಡೆ ಶೇ 80ರಷ್ಟು ಕುಗ್ಗಿತೆಂದು ಅವರ ತಂಡ 2012ರಲ್ಲಿ ತಿಳಿಸಿತು.

ರಾಜ್ಯದ ಅನೇಕ ಕಾಲೇಜು, ವಿಶ್ವವಿದ್ಯಾಲಯಗಳಲ್ಲೂ ಎಲೆ, ಬೇರುಗಳ ಸಾರದಿಂದ ಬೆಳ್ಳಿ, ಸತುವಿನ ಕಣ ಮಾಡಿ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸುವ ಕೆಲಸ ನಡೆಯುತ್ತಿದೆ. ಗಾಜಿನ ತಟ್ಟೆಯಲ್ಲಿ ಕೋಶ ಸತ್ತದ್ದು ಔಷಧಿ ಸಿಕ್ಕಿದ್ದಕ್ಕೆ ಸಮವಲ್ಲ. ಪ್ರಾಣಿಗಳಲ್ಲಿ ಸುರಕ್ಷತೆ, ಮನುಷ್ಯರಲ್ಲಿ ಮೂರು ಹಂತದ ಪ್ರಯೋಗ, ಪ್ರತಿ ತಯಾರಿಕೆಯಲ್ಲೂ ಒಂದೇ ಗುಣಮಟ್ಟ ಇಷ್ಟೂ ಮುಂದೆ ಬಾಕಿ ಇರುತ್ತವೆ.

ನಾಲ್ಕು ತಾಲ್ಲೂಕುಗಳ ಸಂದರ್ಭ

ದಾವಣಗೆರೆ ಜಿಲ್ಲೆ 1997ರ ಆಗಸ್ಟ್ 15ರಂದು ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದವು. ನ್ಯಾಮತಿ ನಂತರ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಸೂಳೆಕೆರೆ ಮತ್ತು ಭದ್ರಾ ನಾಲೆಯ ನೀರು ಕಂಡ ಚನ್ನಗಿರಿ ನಾಡಿನ ದೊಡ್ಡ ಅಡಿಕೆ ಕೇಂದ್ರಗಳಲ್ಲಿ ಒಂದು. ಹೊನ್ನಾಳಿ, ನ್ಯಾಮತಿಗಳಲ್ಲೂ ತೋಟ ಹರಡಿದೆ. ಜಗಳೂರು ಮಳೆಯನ್ನೇ ನಂಬಿದ ಒಣಸೀಮೆ.

ಅಡಿಕೆ ಸಾವಿರಾರು ಕುಟುಂಬಗಳ ಅನ್ನ. ಎಲೆ-ಅಡಿಕೆ ಮದುವೆ, ಪೂಜೆ, ಅತಿಥಿಸತ್ಕಾರಗಳ ಭಾಗ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲಿ ಅಡಿಕೆಯನ್ನು, ಹೊಗೆಸೊಪ್ಪು ಇರಲಿ ಇಲ್ಲದಿರಲಿ, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯಲಾಗದಂತಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಬರುತ್ತದೆ. ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ. 2022ರ ಜಾಗತಿಕ ಅಂದಾಜಿನಲ್ಲಿ ಭಾರತದ ಹೊಸ ಕ್ಯಾನ್ಸರ್ ರೋಗಿಗಳು 14 ಲಕ್ಷಕ್ಕೂ ಹೆಚ್ಚು. ಗಂಡಸರಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರಿಗೇ ಮೊದಲ ಸ್ಥಾನ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್‌ಮಸಾಲೆ ಮತ್ತು ತಂಬಾಕಿನ ಪೊಟ್ಟಣಗಳನ್ನು ಬೇರೆಬೇರೆಯಾಗಿ ಕೊಂಡು ಬೆರೆಸಿಕೊಳ್ಳುವುದು ನಿಂತಿಲ್ಲ. ಅಡಿಕೆ ಬೆಳೆಗಾರನ ಹಿತವನ್ನೂ ಜಗಿಯುವವನ ಜೀವವನ್ನೂ ಒಟ್ಟಿಗೆ ಕಾಯುವ ನೀತಿ ಈ ಸೀಮೆಗೆ ತುರ್ತಾಗಿ ಬೇಕು.

ಬಾಯಿಯ ಕ್ಯಾನ್ಸರಿಗೆ ಇಂದಿಗೂ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ ಮತ್ತು ವಿಕಿರಣ. ನ್ಯಾನೋಕಣಗಳ ದೃಷ್ಟಿಯಿಂದ ಈ ರೋಗಕ್ಕೆ ಒಂದು ಅನುಕೂಲವಿದೆ: ಗೆಡ್ಡೆ ಕಣ್ಣಿಗೆ ಕಾಣುತ್ತದೆ, ಸೂಜಿಗೆ ಸಿಗುತ್ತದೆ. ಕಣವನ್ನು ರಕ್ತಕ್ಕೆ ಬಿಡದೆ ನೇರವಾಗಿ ಗೆಡ್ಡೆಗೇ ಚುಚ್ಚಿದರೆ ಯಕೃತ್ತಿನ ಅಡ್ಡಿ ಬಹುಮಟ್ಟಿಗೆ ತಪ್ಪುತ್ತದೆ. ಫ್ರಾನ್ಸಿನ ನ್ಯಾನೋಬಯೋಟಿಕ್ಸ್ ಕಂಪನಿಯ ಹಾಫ್ನಿಯಂ ಆಕ್ಸೈಡ್ ಕಣಗಳನ್ನು, ಸಿಸ್‌ಪ್ಲಾಟಿನ್ ತಡೆದುಕೊಳ್ಳಲಾರದ ವಯಸ್ಸಾದ ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳಲ್ಲಿ ಹೀಗೆ ಚುಚ್ಚಿ ವಿಕಿರಣ ಕೊಡುವ ಮೂರನೇ ಹಂತದ ಪ್ರಯೋಗ ಆರಂಭವಾಗಿದೆ. ಅದು ಗೆದ್ದರೆ ಅಡಿಕೆ ಸೀಮೆಯ ರೋಗಿಗಳಿಗೆ ನೇರವಾಗಿ ಸಂಬಂಧಿಸುವ ಮೊದಲ ನ್ಯಾನೋ ಚಿಕಿತ್ಸೆಗಳಲ್ಲಿ ಒಂದಾಗುತ್ತದೆ.

ಈ ತಾಲ್ಲೂಕುಗಳ ಜನರಿಗೆ ಹತ್ತಿರದ ದೊಡ್ಡ ವೈದ್ಯಕೀಯ ಕೇಂದ್ರಗಳು ದಾವಣಗೆರೆ ಮತ್ತು ಶಿವಮೊಗ್ಗ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಮತ್ತು ಎರಡು ಹಳೆಯ ದಂತವೈದ್ಯ ಕಾಲೇಜುಗಳಿವೆ; ಬಾಯಿಯ ಬಿಳಿ ಮಚ್ಚೆ, ಮಾಯದ ಹುಣ್ಣುಗಳನ್ನು ಮೊದಲು ಗುರುತಿಸುವವರು ಬಹುತೇಕ ದಂತವೈದ್ಯರೇ. ಹೆಚ್ಚಿನ ಚಿಕಿತ್ಸೆಗೆ ಸುಮಾರು 260 ಕಿ.ಮೀ. ದೂರದ ಬೆಂಗಳೂರಿಗೆ, 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಗೆ ಹೋಗುವವರು ಅನೇಕರು. ಜಿಲ್ಲಾ ಆಸ್ಪತ್ರೆಗಳಲ್ಲೇ ಕಿಮೋ ಕೊಟ್ಟು ಸಂಜೆಗೆ ಮನೆಗೆ ಕಳಿಸುವ ಡೇ ಕೇರ್ ಕೇಂದ್ರಗಳನ್ನು ರಾಜ್ಯ ಸರ್ಕಾರ 2025ರಲ್ಲಿ 16 ಜಿಲ್ಲೆಗಳಲ್ಲಿ ತೆರೆಯಿತು. ಅರ್ಧ ಗಂಟೆಯಲ್ಲಿ ಮುಗಿಯುವ, ಅಲರ್ಜಿಯ ಭಯ ಕಡಿಮೆ ಇರುವ ನ್ಯಾನೋ ಔಷಧಿಗಳು ಇಂಥ ಕೇಂದ್ರಗಳಿಗೆ ಹೇಳಿಮಾಡಿಸಿದಂತಿವೆ.

ವೆಚ್ಚ, ಸುರಕ್ಷತೆ, ನಿಯಂತ್ರಣ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ತಡೆ ತೆಗೆಯುವ ಔಷಧಿಗಳ ಪೂರ್ಣ ಚಿಕಿತ್ಸೆ ಈ ಮಿತಿಯನ್ನು ಸುಲಭವಾಗಿ ಮೀರುತ್ತದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವಿಜಯ್ ಪಾಟೀಲ್, ಕುಮಾರ್ ಪ್ರಭಾಷ್ ಮತ್ತು ಸಂಗಡಿಗರ ಅಧ್ಯಯನ ಇದಕ್ಕೊಂದು ದಾರಿ ತೋರಿಸಿತು. ಗುಣವಾಗುವ ಹಂತ ದಾಟಿದ 151 ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳಲ್ಲಿ ಅಗ್ಗದ ಮಾತ್ರೆಗಳ ಜೊತೆಗೆ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಟ್ಟಾಗ ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ 16.3ರಿಂದ ಶೇ 43.4ಕ್ಕೆ ಏರಿತು. ವಾಡಿಕೆಯ ಒಂದು ಡೋಸ್ 240 ಮಿಲಿಗ್ರಾಂ. ಬಡವರ ಕ್ಯಾನ್ಸರಿಗೆ ಬಡವರ ನಾಡೇ ಹುಡುಕಿಕೊಂಡ ಉತ್ತರವಿದು. ಕಡಿಮೆ ಔಷಧಿಯನ್ನು ಗೆಡ್ಡೆಯ ಬಳಿಯೇ ಉಳಿಸುವ ನ್ಯಾನೋಕಣಗಳ ಸಂಶೋಧನೆ ಇದರ ಜೊತೆ ಸೇರಬೇಕು.

ಸುರಕ್ಷತೆಯ ಪ್ರಶ್ನೆಗಳೂ ಇವೆ. ಕರಗದ ಲೋಹದ ಕಣಗಳು ಯಕೃತ್ತಿನಲ್ಲಿ ಬಹುಕಾಲ ಉಳಿಯಬಹುದು. ಹೊದಿಕೆಯ ವಸ್ತುವಿಗೇ ಕೆಲವರಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಆರ್‌ಎನ್‌ಎ ಹೊತ್ತ ಲಿಪಿಡ್ ಕಣಗಳಿಗೆ ಸಾಮಾನ್ಯವಾಗಿ ಕಡುಶೀತ ಬೇಕು. ಪುಣೆಯ ಜೆನೋವಾ ಕಂಪನಿ 2022ರಲ್ಲಿ ಅನುಮತಿ ಪಡೆದ ಕೋವಿಡ್ ಲಸಿಕೆಯನ್ನು ಒಣಪುಡಿಯಾಗಿಸಿ 2ರಿಂದ 8 ಡಿಗ್ರಿಯಲ್ಲಿ ಇಡಬಹುದೆಂದು ತೋರಿಸಿದ್ದು ಜಗಳೂರಿನಂಥ ಬಿಸಿಲಸೀಮೆಗೆ ಆಶಾದಾಯಕ. ನ್ಯಾನೋ ಔಷಧಿಗಳ ಮೌಲ್ಯಮಾಪನಕ್ಕೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಐಸಿಎಂಆರ್ ಮತ್ತು ಔಷಧ ನಿಯಂತ್ರಕರ ಜೊತೆಗೂಡಿ 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಮೌಲ್ಯಮಾಪನ

ನ್ಯಾನೋಕಣಗಳು ಕಿಮೊಥೆರಪಿಯ ಹಾನಿಯನ್ನು ತಗ್ಗಿಸಿವೆ. ಇಮ್ಯುನೋಥೆರಪಿಯಲ್ಲಿ ದೇಹದ ನುಂಗುಕೋಶಗಳನ್ನೇ ಸಹಾಯಕ್ಕೆ ಕರೆಯುವ ದಾರಿ ತೆರೆದಿವೆ. ಆದರೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಇಂದು ಅತಿ ಹೆಚ್ಚು ಜೀವ ಉಳಿಸಬಲ್ಲದ್ದು ಬೇಗ ಪತ್ತೆ. ಎರಡು ವಾರದಲ್ಲಿ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಅಗಲಿಸಲಾಗದ ಬಿಗಿತ, ಸ್ತನದ ಗಂಟು ಕಂಡವರು ತಡಮಾಡದೆ ವೈದ್ಯರಿಗೆ ತೋರಿಸಬೇಕು. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲೇ ಇದೆ. ಮುಂದೆ ಹೊಸ ಕಣಗಳ ಪ್ರಯೋಗಗಳು ನಡೆಯುವಾಗ ಅಡಿಕೆ ಸೀಮೆಯ ರೋಗಿಗಳೂ ಅವುಗಳಲ್ಲಿ ಸೇರುವಂತಾಗಬೇಕು. ಯಾರ ಬಾಯಿಯಲ್ಲಿ ಈ ರೋಗ ಹೆಚ್ಚೋ ಅವರ ಮೇಲೆ ಪರೀಕ್ಷೆಯಾಗದ ಔಷಧಿ ಅವರಿಗೆ ಎಷ್ಟು ಫಲಕಾರಿ ಎಂಬುದನ್ನು ಬೇರೆ ಯಾವ ದೇಶದ ಅಂಕಿಅಂಶವೂ ಪೂರ್ತಿಯಾಗಿ ಹೇಳಲಾರದು.